ಹೆಸರು ಪೈನ್ ಮರದ್ದು, ಕೆಲಸ ಮಾರ್ಫಿನ್‌ನದು

ಕೆಮ್ಮು ಕಾಣಿಸಿಕೊಂಡರೆ ನಮ್ಮ ಮನೆಗಳಲ್ಲಿ ಶುಂಠಿ, ಕಾಳುಮೆಣಸಿನ ಕಷಾಯ ಒಲೆಗೇರುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಈ ಸ್ಥಾನ ಪಡೆದಿದ್ದುದು ಬಿಳಿ ಪೈನ್ ಮರ. ಇರಾಕ್ವಾ, ಚೆರೋಕೀ ಮುಂತಾದ ಮೂಲನಿವಾಸಿಗಳು ಅದನ್ನು ಕೆಮ್ಮು, ನೆಗಡಿಗಳಿಗೆ ಬಳಸುತ್ತಿದ್ದರು. ಹೊರಗಿನ ಒರಟು ತೊಗಟೆಯನ್ನು ಹೆರೆದು, ಒಳಗಿನ ಮೃದುವಾದ ಪದರವನ್ನು ನೀರಿನಲ್ಲಿ ಕುದಿಸಿ ಕುಡಿಯುವುದು ರೂಢಿ. ತೊಗಟೆಯ ಲೋಳೆಯಂಥ ಅಂಶ ಕೆರೆಯುವ ಗಂಟಲಿಗೆ ಹಿತವೆನಿಸುತ್ತಿತ್ತು.

ಯುರೋಪಿನಿಂದ ಬಂದು ನೆಲೆಸಿದವರಿಗೆ ಈ ಮರ ಮೊದಲು ಬೇಕಾದದ್ದು ಹಡಗುಗಳ ಪಟಸ್ತಂಭಕ್ಕೆ. ಆದರೆ ಕಾಲಕ್ರಮದಲ್ಲಿ ಅವರೂ ತೊಗಟೆಯ ಗುಣವನ್ನು ಕಲಿತರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮನೆಯ ಕಷಾಯ ಔಷಧ ಅಂಗಡಿಯ ಸೀಸೆ ಸೇರಿತು. ಔಷಧ ತಯಾರಕರ ಅಧಿಕೃತ ಕೈಪಿಡಿಯಾದ 'ನ್ಯಾಷನಲ್ ಫಾರ್ಮುಲರಿ'ಯಲ್ಲೂ ಬಿಳಿ ಪೈನ್ ಸಿರಪ್‌ಗೆ ಜಾಗ ದೊರೆಯಿತು. ಪೈನ್ ತೊಗಟೆ, ಕಾಡುಚೆರ್ರಿ ತೊಗಟೆ, ಬೇರುಗಳು, ಸಕ್ಕರೆ ಅದರಲ್ಲಿದ್ದವು. ಜೊತೆಗೆ ಕ್ಲೋರೋಫಾರ್ಮ್ ಮತ್ತು ಅಫೀಮಿನಿಂದ ತೆಗೆದ ಮಾರ್ಫಿನ್ ಕೂಡ ಇದ್ದವು.

ಇಲ್ಲಿಯೇ ಕಥೆ ತಿರುಗುವುದು. ಮಾರ್ಫಿನ್ ಗಂಟಲನ್ನು ಗುಣಪಡಿಸುವುದಿಲ್ಲ; ಕೆಮ್ಮಲು ಪ್ರೇರೇಪಿಸುವ ಮೆದುಳಿನ ಕೇಂದ್ರವನ್ನೇ ಮಂಕಾಗಿಸುತ್ತದೆ. ಕೆಮ್ಮು ನಿಂತಾಗ ಹೊಗಳಿಕೆ ಸಂದದ್ದು ಪೈನ್ ಮರಕ್ಕೆ. ಕೆಲವು ತಯಾರಕರು 1898ರಲ್ಲಿ ಕೆಮ್ಮಿನ ಮದ್ದಾಗಿ ಮಾರುಕಟ್ಟೆಗೆ ಬಂದ ಹೆರಾಯಿನ್ ಅನ್ನೂ ಪೈನ್‌ನೊಡನೆ ಬೆರೆಸಿದರು. ಮರದ ಹೆಸರನ್ನು ನಂಬಿ ಕೊಂಡ ತಾಯಿ ಮಗುವಿಗೆ ಏನು ಕುಡಿಸುತ್ತಿದ್ದೇನೆಂಬುದನ್ನು ಅರಿಯುವ ದಾರಿ ಇರಲಿಲ್ಲ.

1906ರ ಆಹಾರ ಮತ್ತು ಔಷಧ ಕಾಯಿದೆ ಆ ದಾರಿಯನ್ನು ತೆರೆಯಿತು. ಮಾರ್ಫಿನ್, ಹೆರಾಯಿನ್, ಕ್ಲೋರೋಫಾರ್ಮ್‌ಗಳಿದ್ದರೆ ಅವುಗಳ ಪ್ರಮಾಣವನ್ನು ಚೀಟಿಯ ಮೇಲೆ ನಮೂದಿಸುವುದು ಕಡ್ಡಾಯವಾಯಿತು. ಮಾರಾಟ ಮಾತ್ರ ನಿಲ್ಲಲಿಲ್ಲ. 1914ರ ಹ್ಯಾರಿಸನ್ ಕಾಯಿದೆ ಮಾದಕ ದ್ರವ್ಯಗಳಿಗೆ ಕಡಿವಾಣ ಹಾಕಿದರೂ, ಒಂದು ಔನ್ಸ್‌ನಲ್ಲಿ ಕಾಲು ಗ್ರೇನ್ ಮೀರದಷ್ಟು ಮಾರ್ಫಿನ್ ಇರುವ ಔಷಧಿಗಳಿಗೆ ವಿನಾಯಿತಿ ನೀಡಿತು. ಅಮೆರಿಕ ಹೆರಾಯಿನ್ ತಯಾರಿಕೆಯನ್ನು ನಿಷೇಧಿಸಿದ್ದು 1924ರಲ್ಲಿ.

ಮೂಲನಿವಾಸಿಗಳ ಕಷಾಯದಲ್ಲಿ ಇದಾವುದೂ ಇರಲಿಲ್ಲ. ಅವರ ಮದ್ದಿನ ಹೆಸರು ಮಾತ್ರ ಸೀಸೆಯ ಮೇಲೆ ಉಳಿದಿತ್ತು. ಗಿಡಮೂಲಿಕೆಯ ಹೆಸರು ಹೊತ್ತ ಔಷಧಿಯನ್ನು ಕೊಳ್ಳುವಾಗ ಹೆಸರಿನ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಬೇಕೆಂಬುದಕ್ಕೆ ಆ ಸೀಸೆಯೇ ಸಾಕ್ಷಿ.