ತೊಗಲು ಪಳಗಿಸಿದವರು

ಹೊಸ ತೊಗಲು ಮೊದಲ ದಿನವೇ ಯಾರ ಮಾತನ್ನೂ ಕೇಳುವುದಿಲ್ಲ. ಪೊಲೀಸ್ ಅಧಿಕಾರಿಯ ಸೊಂಟದ ಹೊಸ ಪಿಸ್ತೂಲು ಚೀಲ ಪಿಸ್ತೂಲನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ರೈತನ ಹೊಸ ಮೆಟ್ಟು ಹಿಮ್ಮಡಿಯನ್ನೇ ಕಚ್ಚುತ್ತದೆ. ಈ ಬಿಗಿಯನ್ನು ಹದಕ್ಕೆ ತರುವ ವಿದ್ಯೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಗೆ ಬಹಳ ಹಳೆಯದು. ಇಲ್ಲಿನ ಕೋಟೆ, ಗುಡಿ, ಮಂಟಪಗಳ ಬಗ್ಗೆ ಬರೆದಷ್ಟು ಇಲ್ಲಿನ ತೊಗಲಿನ ಬಗ್ಗೆ ಬರೆದದ್ದಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಮಾತ್ರ ಇಲ್ಲಿನ ತೊಗಲನ್ನು ಗಮನಿಸಿದ್ದ. ಕೃಷ್ಣದೇವರಾಯನ ಸೇನೆಯ ಕುದುರೆ ಸವಾರರು ತೊಟ್ಟ ಅಂಗಿಗಳು ಹೊರಗೆ ರೇಷ್ಮೆ, ಮಖಮಲ್ಲು. ಒಳಗೆ ಪದರ ಪದರವಾಗಿ ಗಟ್ಟಿ ತೊಗಲು, ಜೊತೆಗೆ ಕಬ್ಬಿಣದ ತಗಡು ಎಂದು ಬರೆದಿಟ್ಟಿದ್ದಾನೆ. ಪಾದರಕ್ಷೆಗಳನ್ನೂ ಬಿಟ್ಟಿಲ್ಲ. ಕೆಲವು ಚೂಪು ಮೂತಿಯವು, ಇನ್ನು ಕೆಲವು ಬರೀ ಅಟ್ಟೆಗೆ ಪಟ್ಟಿ ಹಾಕಿದವು, ಹಳೆಯ ರೋಮನ್ನರು ಮೆಟ್ಟುತ್ತಿದ್ದಂಥವು. ಆದರೆ ಹೆಚ್ಚುಪಾಲು ಜನ ಬರಿಗಾಲಲ್ಲೇ ಓಡಾಡುತ್ತಿದ್ದರಂತೆ. ಅಂಥ ಅಂಗಿ ತೊಟ್ಟು ಸವಾರ ಕೈಯೆತ್ತಬೇಕು, ಬಾಗಬೇಕು, ಈಟಿ ಬೀಸಬೇಕು. ತೊಗಲು ಗಟ್ಟಿಯಾಗಿದ್ದರಷ್ಟೇ ಸಾಲದು, ಮೈಗೆ ಒಗ್ಗಿಯೂ ಇರಬೇಕು. ಒಗ್ಗಿಸಿದವರು ಯಾರೆಂದು ಪೇಸ್ ಹೇಳುವುದಿಲ್ಲ.

ಹಳ್ಳಿಗಳಲ್ಲಿ ಆ ಕೆಲಸ ಮಾದಿಗರ, ಸಮಗಾರರ, ಢೋರರ ಕೈಯಲ್ಲಿತ್ತು. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಹೆರೆಯುವರು. ಆಮೇಲೆ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ. ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ಜಜ್ಜಿದ ತೊಗಟೆ ಮತ್ತು ನೀರು ತುಂಬಿ, ಕೊಂಬೆಗೆ ನೇತುಹಾಕುವರು. ಕೆಳಗಿಟ್ಟ ಮಡಕೆಗೆ ತೊಟ್ಟಿಕ್ಕಿದ ಕೆಂಪು ನೀರನ್ನು ಎತ್ತಿ ಮತ್ತೆ ಮೇಲಿಂದ ಸುರಿಯುವರು. ತೊಗಟೆಯ ಒಗರು ಚರ್ಮದ ಎಳೆ ಎಳೆಗೂ ಇಳಿದಾಗ ಅದು ಕೊಳೆಯದ ತೊಗಲಾಗುತ್ತದೆ.

ಇಂಥ ತೊಗಲಿಗೊಂದು ಗುಣವಿದೆ. ಒದ್ದೆಯಾದಾಗ ಒಳಗಿನ ಎಳೆಗಳು ಒಂದರ ಮೇಲೊಂದು ಜಾರಿ, ಒತ್ತಿದ ಆಕಾರಕ್ಕೆ ಬರುತ್ತವೆ. ನೆರಳಲ್ಲಿ ಆರಿದರೆ ಅದೇ ಆಕಾರ ನಿಲ್ಲುತ್ತದೆ. ಬಿಸಿಲಿಗಿಟ್ಟು ಅವಸರ ಮಾಡಿದರೆ ಸೆಡೆದು ಬಿರಿಯುತ್ತದೆ. ಆರಿದ ಮೇಲೆ ಹರಳೆಣ್ಣೆ ತಿಕ್ಕಬೇಕು, ಅದೂ ಮಿತವಾಗಿ. ಎಣ್ಣೆ ಹೆಚ್ಚಾದರೆ ಬಿಗಿಯ ಜೊತೆಗೆ ಆಕಾರವೂ ಹೋಗುತ್ತದೆ. ಮೆಟ್ಟಿಗೂ ಪಿಸ್ತೂಲು ಚೀಲಕ್ಕೂ ಇದೇ ನಿಯಮ.

ಈ ಸೀಮೆಯ ತೊಗಲಿಗೆ ಅತಿ ಕಠಿಣ ಪರೀಕ್ಷೆ ಇದ್ದದ್ದು ಮಾತ್ರ ಬಾವಿಯಲ್ಲಿ. ನೀರೆತ್ತುವ ಕಪಿಲೆಯ ತೊಗಲ ಬಾನಿ ದಿನವಿಡೀ ಮುಳುಗಿ ಏಳುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಂತೆ ಬಾನಿ ಮೇಲೆ ಬಂದು, ಅದರ ತೊಗಲ ಸೊಂಡಿಲಿನಿಂದ ಕಾಲುವೆಗೆ ನೀರು ಸುರಿಯುತ್ತಿತ್ತು. ತೊಗಟೆಯಲ್ಲಿ ಹದ ಮಾಡಿದ ತೊಗಲೂ ಇಂಥ ಬಳಕೆಯಲ್ಲಿ ಬೇಗ ಕೊಳೆಯುತ್ತಿತ್ತು. ಎಣ್ಣೆ, ಹೊಲಿಗೆ, ತೇಪೆ ಎಂದು ದುರಸ್ತಿ ಮುಗಿಯುತ್ತಲೇ ಇರಲಿಲ್ಲ. ಪ್ರತಿಫಲವೆಂದರೆ ಸುಗ್ಗಿಯಲ್ಲಿ ಕಣದಿಂದ ಕೊಡುವ ಆಯದ ಕಾಳು.

ಈ ಸೀಮೆಯ ಬಹುಭಾಗ ಸೇರಿದ್ದ ಬಳ್ಳಾರಿ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನ ಕಲಾಶಾಲೆಯಲ್ಲಿ ಕ್ರೋಮ್ ಲವಣದಿಂದ ಚರ್ಮ ಹದ ಮಾಡುವ ಪ್ರಯೋಗಕ್ಕೆ ಕೈಹಾಕಿದ. ಅವನ ಕಣ್ಣಿದ್ದದ್ದು ಇದೇ ಬಾನಿಯ ಮೇಲೆ: ನೀರಿನಲ್ಲಿ ಕ್ರೋಮ್ ತೊಗಲು ಹೆಚ್ಚು ಕಾಲ ಬಾಳುತ್ತದೆ. ಎಣ್ಣೆ ಎಂಜಿನ್ನಿನ ಪಂಪನ್ನು ಬಾವಿಗಳಿಗೆ ತರಲು ದುಡಿದವನೂ ಅವನೇ. 1953ರ ಹೊತ್ತಿಗೆ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆ ನಿಂತಿತು, ಕಾಲುವೆಗಳಲ್ಲಿ ನೀರು ಹರಿಯಿತು. ಕಾಲುವೆ ಮುಟ್ಟದ ಕಡೆ ಪಂಪ್‌ಸೆಟ್ ಬಂತು. ಕಪಿಲೆ ಮೂಲೆ ಸೇರಿತು.

ಅದರೊಂದಿಗೆ ಆಯದ ಕಾಳೂ ನಿಂತಿತು. ಆ ವ್ಯವಸ್ಥೆಗಾಗಿ ಹಲುಬುವ ಕಾರಣವಿಲ್ಲ. ಊರಿಗೆಲ್ಲ ಮೆಟ್ಟು ಹೊಲಿದವರು ಮೇಲ್ಜಾತಿಯವರ ಕೇರಿ ಬಂದೊಡನೆ ತಮ್ಮ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಆದರೆ ಆ ಅವಮಾನದ ನಡುವೆಯೇ ಅವರು ಕಾಪಾಡಿದ ವಿದ್ಯೆಗೆ ಬೆಲೆ ಕಟ್ಟದೆ ಕೈಬಿಟ್ಟದ್ದು ಇನ್ನೊಂದು ಅನ್ಯಾಯ. ಮೆಟ್ಟಿನಂತಲ್ಲದೆ, ಹಲಗೆ ವಾದ್ಯದ ತೊಗಲು ಮಾತ್ರ ಸಡಿಲವಾಗುವ ಹಾಗಿರಲಿಲ್ಲ. ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದರು. ಈಗ ಅನೇಕ ಕಡೆ ಅದಕ್ಕೂ ಫೈಬರ್ ಹಾಳೆ ಬಂದಿದೆ.