ಮಾದೇಶ್ವರ ಕಾವ್ಯದ ಶ್ರವಣ: ನಾಮಸಾಮ್ಯದ ಪರೀಕ್ಷೆ

ಬಲದಿಂದ ಗೆಲ್ಲಲಾಗದ ರಾಕ್ಷಸನನ್ನು ಉಪಾಯದಿಂದ ಗೆಲ್ಲುವ ಕಥೆಗಳು ಕನ್ನಡ ಜನಪದ ಸಾಹಿತ್ಯದಲ್ಲಿ ವಿಪುಲವಾಗಿವೆ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ, ಬೊಪ್ಪೇಗೌಡನಪುರಗಳ ಸೀಮೆಯು ಅಂತಹ ಕಥೆಗಳನ್ನೊಳಗೊಂಡ ಎರಡು ಮೌಖಿಕ ಮಹಾಕಾವ್ಯಗಳ ಪ್ರಚಾರಕ್ಷೇತ್ರ. ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ಕಾವೇರಿಯಾಚೆಯ ಮಲೆಗಳಲ್ಲಿ ಮಾದೇಶ್ವರನ ನೆಲೆಯಿದೆ. ಮೊದಲನೆಯ ಕಾವ್ಯವನ್ನು ನೀಲಗಾರರೂ ಎರಡನೆಯದನ್ನು ಕಂಸಾಳೆಯ ದೇವರಗುಡ್ಡರೂ ಹಾಡುತ್ತ ಬಂದಿದ್ದಾರೆ. ಈ ಎರಡನೆಯ ಕಾವ್ಯದ ಶ್ರವಣನ ಪ್ರಸಂಗವು ಜೈನ ಸಂಶೋಧಕರ ವಿಶೇಷ ಗಮನಕ್ಕೆ ಅರ್ಹವಾದುದು.

ಕಥೆಯ ಸಾರವಿಷ್ಟು. ಬಂಕಾಪುರಿಯ ದೊರೆ ಶ್ರವಣನು ದೇವತೆಗಳನ್ನು ಸೆರೆಯಿಟ್ಟು ಅವರಿಂದ ಊಳಿಗ ಮಾಡಿಸುತ್ತಾನೆ. ಅವನನ್ನು ಇದಿರಾಗಿ ಸಂಹರಿಸುವುದು ಅಸಾಧ್ಯವಾದುದರಿಂದ ಮಾದೇಶ್ವರನು ಹರಳಯ್ಯನಿಂದ ಅರಗಿನ ಪಾದರಕ್ಷೆಗಳನ್ನು ಮಾಡಿಸುತ್ತಾನೆ. ಮೆಟ್ಟುಗಳ ಚೆಲುವಿಗೆ ಮರುಳಾದ ಶ್ರವಣನು ಅವನ್ನು ಮೆಟ್ಟಿ, ಅರಗು ಉರಿಗೆ ಕರಗಲು, ಅದರೊಡನೆ ನಾಶವಾಗುತ್ತಾನೆ. 1973ರಲ್ಲಿ ಪ್ರಕಟವಾದ ಡಾ. ಪಿ. ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ ಸಂಪಾದನೆಯಿಂದ ಈ ಕಾವ್ಯವು ವಿದ್ವಾಂಸರಿಗೆ ಗ್ರಂಥರೂಪದಲ್ಲಿ ಲಭ್ಯವಾಯಿತು.

ಈ ಶ್ರವಣನು ಯಾರು? ಅವನನ್ನು ಜೈನ ಅರಸನೆಂದೂ, ಅವನ ವಧೆಯು ಶೈವರಿಂದ ಜೈನರಿಗೊದಗಿದ ಪರಾಭವದ ನೆನಪೆಂದೂ ಅರ್ಥೈಸುವವರುಂಟು. ಭಾಷಾದೃಷ್ಟಿಯಿಂದ ಈ ಊಹೆ ನಿರಾಧಾರವಲ್ಲ. ಸಂಸ್ಕೃತದ ‘ಶ್ರಮಣ’ವು ಪ್ರಾಕೃತದಲ್ಲಿ ‘ಸಮಣ’ವಾಗಿ ಕನ್ನಡದಲ್ಲಿ ‘ಸವಣ’ವಾಯಿತು. ಜನರ ಬಳಕೆಯಲ್ಲಿ ಅದೇ ‘ಶ್ರವಣ’ವೆಂದು ಮತ್ತೆ ಸಂಸ್ಕೃತದ ವೇಷ ತೊಟ್ಟಿತು. ಮತಸಂಘರ್ಷವು ನಡೆದೇ ಇಲ್ಲವೆಂದೂ ಹೇಳುವಂತಿಲ್ಲ. ಏಕಾಂತದ ರಾಮಯ್ಯನು ಜೈನರೊಡನೆ ಶಿರಸ್ಸಿನ ಪಣವೊಡ್ಡಿದ ವೃತ್ತಾಂತವನ್ನು ಅಬ್ಬಲೂರಿನ ಶಾಸನವೇ ಸಾರುತ್ತದೆ.

ಆದರೆ ಅಬ್ಬಲೂರಿನ ಸಾಕ್ಷ್ಯ ಶಿಲೆಯದು, ಇಲ್ಲಿಯದು ಕಥೆಯದು. ಕಥೆಯ ಅಂಗಾಂಗಗಳನ್ನು ಬಿಡಿಸಿ ನೋಡಿದರೆ ಅವುಗಳ ಮೂಲ ಬೇರೆಬೇರೆಯೆಂಬುದು ವ್ಯಕ್ತವಾಗುತ್ತದೆ. ದೇವತೆಗಳನ್ನು ಸೆರೆಯಿಟ್ಟು ದುಡಿಸುವುದು ಜನಪ್ರಸಿದ್ಧ ರಾವಣನ ಲಕ್ಷಣವೇ ಹೊರತು ಸವಣನದಲ್ಲ; ‘ರಾವಣ’, ‘ಶ್ರವಣ’ ಎಂಬ ಹೆಸರುಗಳ ಪ್ರಾಸವೂ ಉಪೇಕ್ಷಣೀಯವಲ್ಲ. ಅರಗು ಭಾರತದ ಅರಗಿನ ಮನೆಯನ್ನು ನೆನಪಿಗೆ ತರುತ್ತದೆ. ಹರಳಯ್ಯನಂತೂ ಕಲ್ಯಾಣದ ಶರಣ. ಬಸವಣ್ಣನಿಗಾಗಿ ತನ್ನ ಮತ್ತು ಪತ್ನಿಯ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದನೆಂದು ಶರಣಪರಂಪರೆ ಅವನನ್ನು ಕೊಂಡಾಡುತ್ತದೆ. ಅಲ್ಲಿ ಭಕ್ತಿಯ ಕಾಣಿಕೆಯಾದ ಪಾದರಕ್ಷೆಯನ್ನು ಇಲ್ಲಿ ಸಂಹಾರದ ಸಾಧನವನ್ನಾಗಿಸಿರುವುದು ಹಾಡುಗಾರರ ಪ್ರತಿಭೆ. ಹೀಗೆ ಪೂರ್ವಪರಿಚಿತ ಆಶಯಗಳಿಂದ ಹೆಣೆದ ಪ್ರಸಂಗವನ್ನು ಒಂದು ಐತಿಹಾಸಿಕ ಘಟನೆಯ ವರದಿಯೆಂದು ಎಣಿಸಲಾಗದು.

ಈ ಸೀಮೆಯ ಶಿಲಾಸಾಕ್ಷ್ಯವಾದರೋ ಬೇರೆಯೇ ಚಿತ್ರವನ್ನು ಕೊಡುತ್ತದೆ. ಗಂಗರ ರಾಜಧಾನಿ ತಲಕಾಡು ಇಲ್ಲಿಗೆ ಸಮೀಪದ್ದು. ಅದನ್ನು ಚೋಳರಿಂದ ಬಿಡಿಸಿದವನು ವಿಷ್ಣುವರ್ಧನನ ದಂಡನಾಯಕ, ಪರಮಜೈನ ಗಂಗರಾಜ. ಅವನು ಅರಸನಿಂದ ತಿಪ್ಪೂರನ್ನು ಪಡೆದು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಿತ್ತುದನ್ನು 1117ರ ತಿಪ್ಪೂರು ಶಾಸನ ತಿಳಿಸುತ್ತದೆ. ಇಂದು ಮದ್ದೂರು ತಾಲ್ಲೂಕಿಗೆ ಸೇರಿರುವ ಆ ಅರೆತಿಪ್ಪೂರಿನಲ್ಲಿ ಗೊಮ್ಮಟಮೂರ್ತಿ ನಿಂತಿರುವ ಗುಡ್ಡವನ್ನು ಜನರು ಶ್ರವಣಪ್ಪನ ಗುಡ್ಡವೆನ್ನುತ್ತಾರೆ. ಮೈಸೂರಿನ ಸಮೀಪದ ಗೊಮ್ಮಟಗಿರಿಗೂ ಶ್ರವಣಗುಡ್ಡವೆಂಬ ಹೆಸರುಂಟು. ‘ಶ್ರವಣ’ನಿಗೆ ‘ಅಪ್ಪ’ ಎಂಬ ಗೌರವದ ಪದವನ್ನು ಸೇರಿಸಿ ಕರೆದವರು ಬಸದಿಯ ಪಂಡಿತರಲ್ಲ, ಸುತ್ತಲಿನ ಒಕ್ಕಲಮಕ್ಕಳು. ಒಂದೇ ಹೆಸರು ಹಾಡಿನಲ್ಲಿ ಅಸುರನಿಗೂ ಗುಡ್ಡದ ಮೇಲೆ ಪೂಜ್ಯನಿಗೂ ಸಂದಿರುವಾಗ, ಹೆಸರೊಂದರಿಂದಲೇ ವೈರವನ್ನು ಸಾಧಿಸುವುದು ಸಾಧುವಲ್ಲ.

ಇಂತಹ ಪರೀಕ್ಷೆಗೆ ಜೈನ ವಾಙ್ಮಯದಲ್ಲಿ ಆದರ್ಶವಿಲ್ಲದಿಲ್ಲ. ವಿಮಲಸೂರಿಯ ‘ಪಉಮಚರಿಯ’ವೂ ನಾಗಚಂದ್ರನ ರಾಮಾಯಣವೂ ರಾವಣನನ್ನು ರಾಕ್ಷಸನೆನ್ನದೆ ವಿದ್ಯಾಧರನೆಂದು ನಿರೂಪಿಸಿದವು. ಅಮಿತಗತಿಯು 1014ರಲ್ಲಿ ಸಂಸ್ಕೃತದಲ್ಲಿ ರಚಿಸಿದ, 14ನೆಯ ಶತಮಾನದಲ್ಲಿ ವೃತ್ತವಿಲಾಸನು ಕನ್ನಡಕ್ಕೆ ತಂದ ‘ಧರ್ಮಪರೀಕ್ಷೆ’ಯಲ್ಲಿ ಮನೋವೇಗನು ಪಾಟಲೀಪುತ್ರದ ವಿದ್ವತ್ಸಭೆಯಲ್ಲಿ ಅಸಂಭವ ಕಥೆಗಳನ್ನು ಹೇಳುತ್ತಾನೆ. ಕಥೆ ಎಂಬ ಮಾತ್ರಕ್ಕೆ ಅದು ಪ್ರಮಾಣವಾಗದೆಂಬುದನ್ನು ಅವನು ಆ ಉಪಾಯದಿಂದಲೇ ಸಭೆಗೆ ಮನಗಾಣಿಸುತ್ತಾನೆ. ಪರಮತದ ಕಥೆಗಳಿಗೆ ಅನ್ವಯಿಸಿದ ಈ ಒರೆಗಲ್ಲನ್ನು ಸ್ವಮತದ ನೋವನ್ನು ಸಮರ್ಥಿಸುವಂತೆ ತೋರುವ ಕಥೆಗೂ ಅನ್ವಯಿಸುವುದು ನ್ಯಾಯ.

ಆದುದರಿಂದ ಮುಂದಿನ ಕಾರ್ಯವು ಗ್ರಂಥಸಂಪಾದನೆಯ ಕ್ರಮದಲ್ಲಿಯೇ ಸಾಗಬೇಕು. ಒಬ್ಬೊಬ್ಬ ಗುಡ್ಡನ ಹಾಡಿಕೆಯನ್ನೂ ಒಂದೊಂದು ಓಲೆಪ್ರತಿಯೆಂದು ಭಾವಿಸಿ ಪಾಠಾಂತರಗಳನ್ನು ಗುರುತಿಸಬೇಕು. ಬಸದಿ, ಪಿಂಛ, ಕೇಶಲೋಚದಂತಹ ನಿಶ್ಚಿತ ಜೈನ ಲಕ್ಷಣಗಳು ಶ್ರವಣನಿಗೆ ಎಲ್ಲಿಯಾದರೂ ಅಂಟಿವೆಯೆ, ಅಂಟಿದ್ದರೆ ಎಷ್ಟು ಹಾಡಿಕೆಗಳಲ್ಲಿ, ಯಾವ ಸೀಮೆಯಲ್ಲಿ ಎಂಬುದನ್ನು ಪರಿಶೀಲಿಸಬೇಕು. ಅಲ್ಲಿಯವರೆಗೆ ಮಾದೇಶ್ವರ ಕಾವ್ಯದ ಶ್ರವಣನನ್ನು ಉಪಾಯಕ್ಕೆ ಸೋತ ಅಸುರನೆಂದು ಮಾತ್ರ ಪರಿಗಣಿಸಿ, ತಿಪ್ಪೂರಿನ ಶಾಸನವನ್ನೂ ಶ್ರವಣಪ್ಪನ ಗುಡ್ಡವನ್ನೂ ಈ ನಾಡಿನ ಸವಣರ ಇತಿಹಾಸಕ್ಕೆ ಆಧಾರವಾಗಿ ಗ್ರಹಿಸುವುದು ಯುಕ್ತ.