ಬಿಟಿಸಿಪೇ ಸರ್ವರ್

ಬಿಟಿಸಿಪೇ ಸರ್ವರ್ ಎಂಬುದು ಮಧ್ಯವರ್ತಿ ಸಂಸ್ಥೆಯ ನೆರವಿಲ್ಲದೆ ಬಿಟ್‌ಕಾಯಿನ್ ಪಾವತಿಗಳನ್ನು ಸ್ವೀಕರಿಸಲು ಬಳಸುವ ಮುಕ್ತ ತಂತ್ರಾಂಶ. ವ್ಯಾಪಾರಿಯು ಇದನ್ನು ಸ್ವಂತ ಗಣಕದಲ್ಲಿ ಅಥವಾ ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ತಾನೇ ನಡೆಸುತ್ತಾನೆ. ಸಿ ಶಾರ್ಪ್ ಭಾಷೆಯಲ್ಲಿ ರಚಿತವಾದ ಇದು ಎಂಐಟಿ ಪರವಾನಗಿಯಡಿ ಲಭ್ಯವಿದೆ.

ಹಿನ್ನೆಲೆ

2017ರಲ್ಲಿ ಪಾವತಿ ಸಂಸ್ಥೆಯಾದ ಬಿಟ್‌ಪೇ, ವಿವಾದಕ್ಕೆ ಒಳಗಾಗಿದ್ದ ಸೆಗ್‌ವಿಟ್2ಎಕ್ಸ್ ಬದಲಾವಣೆಯನ್ನು ಬೆಂಬಲಿಸಿತು. ಇದನ್ನು ವಿರೋಧಿಸಿದ ತಂತ್ರಾಂಶ ತಜ್ಞ ನಿಕೊಲಾ ಡೋರಿಯೆ ಅದೇ ವರ್ಷ ಬಿಟಿಸಿಪೇಯನ್ನು ಆರಂಭಿಸಿದರು. ಸೆಗ್‌ವಿಟ್2ಎಕ್ಸ್ ಆ ನವೆಂಬರ್‌ನಲ್ಲೇ ಕೈಬಿಡಲ್ಪಟ್ಟಿತು. ಪ್ರತಿಭಟನೆಯಾಗಿ ಹುಟ್ಟಿದ ತಂತ್ರಾಂಶ ಉಳಿಯಿತು.

ಸ್ಥಾಪನೆ

ಸಾಮಾನ್ಯವಾಗಿ ಇದನ್ನು ಡಾಕರ್ ಕಂಟೇನರ್‌ಗಳ ಮೂಲಕ ಸ್ಥಾಪಿಸಲಾಗುತ್ತದೆ. ಪ್ರತಿ ಕಂಟೇನರ್‌ಗೂ ಒಂದೊಂದು ಕೆಲಸ: ಬಿಟ್‌ಕಾಯಿನ್ ಕೋರ್ ವ್ಯವಹಾರಗಳನ್ನು ಸ್ವತಃ ಪರಿಶೀಲಿಸುತ್ತದೆ, ಎನ್‌ಬಿಎಕ್ಸ್‌ಪ್ಲೋರರ್ ವ್ಯಾಪಾರಿಯ ವಿಳಾಸಗಳಿಗೆ ಬಂದ ಹಣವನ್ನು ಗುರುತಿಸುತ್ತದೆ, ಪೋಸ್ಟ್‌ಗ್ರೆಸ್ ದತ್ತಾಂಶವನ್ನು ಕಾಯ್ದಿಡುತ್ತದೆ, ಎಂಜಿನ್‌ಎಕ್ಸ್ ಹೊರಗಿನ ಸಂಪರ್ಕವನ್ನು ಒಳಕ್ಕೆ ತಲುಪಿಸುತ್ತದೆ. ಡೊಮೇನ್ ಹೆಸರು ಮತ್ತು ನಾಣ್ಯದ ಆಯ್ಕೆಯನ್ನು ಪರಿಸರ ಚರಗಳಲ್ಲಿ ನಮೂದಿಸಿ ಸೆಟಪ್ ಕಡತವನ್ನು ಚಾಲನೆಗೊಳಿಸಿದರೆ ಉಳಿದ ಜೋಡಣೆ ತಾನಾಗಿ ನಡೆಯುತ್ತದೆ.

ನಿಜವಾದ ಹೊರೆ ಬ್ಲಾಕ್‌ಚೈನಿನದು. ಅದರ ಪೂರ್ಣ ಗಾತ್ರ 600 ಜಿಬಿಯನ್ನು ಮೀರಿದೆ. ಹಳೆಯ ಬ್ಲಾಕ್‌ಗಳನ್ನು ಅಳಿಸುವ ಆಯ್ಕೆಯಿಂದ ಡಿಸ್ಕ್ ಉಳಿಯುತ್ತದೆಯೇ ಹೊರತು, ಮೊದಲ ಬಾರಿ ಇಳಿಸಿಕೊಂಡು ಪರಿಶೀಲಿಸುವ ಕೆಲಸ ತಪ್ಪುವುದಿಲ್ಲ. ಆದ್ದರಿಂದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಅಥವಾ ಜೇವರ್ಗಿಯ ತೊಗರಿಬೇಳೆ ವ್ಯಾಪಾರಿಯೊಬ್ಬರು ಇದನ್ನು ಬಳಸಬಯಸಿದರೆ, ಗಣಕ ಅಂಗಡಿಯಲ್ಲೇ ಇರಬೇಕಿಲ್ಲ. ನಿರಂತರ ವಿದ್ಯುತ್ತಿರುವ ದೂರದ ಸರ್ವರ್ ಸಾಕು, ಅಂಗಡಿಯಲ್ಲಿ ಕ್ಯೂಆರ್ ಸಂಕೇತ ತೋರಿಸಲು ಮೊಬೈಲ್ ಇದ್ದರಾಯಿತು.

ಭದ್ರತೆ

ಸರ್ವರ್‌ಗೆ ವಿಸ್ತೃತ ಸಾರ್ವಜನಿಕ ಕೀಲಿಯನ್ನು ಮಾತ್ರ ಕೊಡಬಹುದು. ಅದರಿಂದ ಪ್ರತಿ ಬಿಲ್ಲಿಗೂ ಹೊಸ ವಿಳಾಸ ಸೃಷ್ಟಿಯಾಗುತ್ತದೆ; ಖರ್ಚು ಮಾಡುವ ಖಾಸಗಿ ಕೀಲಿ ವ್ಯಾಪಾರಿಯ ಬಳಿಯೇ ಉಳಿಯುತ್ತದೆ. ಆದರೂ ಸರ್ವರ್‌ಗೆ ನುಗ್ಗಿದವರು ಆ ಕೀಲಿಯನ್ನು ಬದಲಿಸಿ ಮುಂದಿನ ಪಾವತಿಗಳನ್ನು ತಮ್ಮತ್ತ ತಿರುಗಿಸಿಕೊಳ್ಳಬಲ್ಲರು. ಲೈಟ್ನಿಂಗ್ ಜಾಲವನ್ನು ಸೇರಿಸಿಕೊಂಡರೆ ಅಪಾಯ ಇನ್ನೂ ಹೆಚ್ಚು. ಆಗ ಕೀಲಿಗಳು ಸರ್ವರ್‌ನಲ್ಲೇ ಇರುತ್ತವೆ. ಚಾನೆಲ್‌ನ ಹಳೆಯ ಪ್ರತಿಯನ್ನು ಮರುಸ್ಥಾಪಿಸಿದರೆ ಎದುರು ಪಕ್ಷವು ದಂಡದ ನಿಯಮದಂತೆ ಚಾನೆಲ್‌ನ ಹಣವನ್ನೆಲ್ಲ ಪಡೆಯಬಹುದು. ಸಾಮಾನ್ಯ ದತ್ತಸಂಚಯದ ಬ್ಯಾಕಪ್ ಅಭ್ಯಾಸ ಇಲ್ಲಿ ಹಾನಿಕರವಾಗಬಲ್ಲದು.

ಭಾರತದಲ್ಲಿ ಕಾನೂನು

ಭಾರತದಲ್ಲಿ ಬಿಟ್‌ಕಾಯಿನ್ ಕಾನೂನುಬದ್ಧ ಹಣವಲ್ಲ. ಇಂಥ ವ್ಯವಹಾರಗಳಿಗೆ ಸೇವೆ ನೀಡದಂತೆ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಬ್ಯಾಂಕುಗಳಿಗೆ ಸೂಚಿಸಿತ್ತು. ಅದೇ ಅಕ್ಟೋಬರ್‌ನಲ್ಲಿ ಯುನೊಕಾಯಿನ್ ಸಂಸ್ಥೆ ಬೆಂಗಳೂರಿನ ಮಾಲ್ ಒಂದರಲ್ಲಿ ಇರಿಸಿದ್ದ ನಗದು ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಹಣಕಾಸು ಕಾಯ್ದೆಯು ಡಿಜಿಟಲ್ ಆಸ್ತಿಯ ವರ್ಗಾವಣೆಯಿಂದ ಬರುವ ಲಾಭಕ್ಕೆ ಶೇ. 30 ತೆರಿಗೆ ವಿಧಿಸಿತು. ನಷ್ಟವನ್ನು ಬೇರೆ ಆದಾಯದ ಎದುರು ಹೊಂದಿಸಿಕೊಳ್ಳಲು ಅವಕಾಶವಿಲ್ಲ. ಶೇ. 1ರ ಮೂಲ ತೆರಿಗೆ ಕಡಿತವು ಆ ವರ್ಷದ ಜುಲೈ 1ರಿಂದ ಜಾರಿಗೆ ಬಂದಿತು. ಸರ್ವರ್ ಸ್ವಂತದ್ದಾದರೂ ಈ ಲೆಕ್ಕದಿಂದ ವಿನಾಯಿತಿ ಸಿಗುವುದಿಲ್ಲ.